ಈ ಚಿತ್ರ ಯಾವೂರಿನದು?

2017ರ ಜೂನ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಮುಜುಗರಕ್ಕೊಳಗಾದ ಪ್ರಸಂಗವೊಂದು ಕೆಲವು ಓದುಗರಿಗೆ ನೆನಪಿರಬಹುದು. ಸಚಿವಾಲಯದ 2016–17ನೇ ಸಾಲಿನ ವಾರ್ಷಿಕ ವರದಿಯಲ್ಲಿ, ಗಡಿಯುದ್ದಕ್ಕೂ ಹೊನಲು ದೀಪ ಅಳವಡಿಸಿದ ಸಾಧನೆಯನ್ನು ಸಾರುವ ಚಿತ್ರವೊಂದು ಅಚ್ಚಾಗಿತ್ತು. ದೀಪಗಳೇನೋ ಬೆಳಗುತ್ತಿದ್ದವು, ಆದರೆ ಗಡಿ ನಮ್ಮದಾಗಿರಲಿಲ್ಲ. ಅದು ಸ್ಪೇನ್ ಮತ್ತು ಮೊರಾಕ್ಕೊ ನಡುವಣ ಗಡಿ. ಸ್ಪೇನಿನ ಛಾಯಾಗ್ರಾಹಕರೊಬ್ಬರು 2006ರಲ್ಲಿ ತೆಗೆದ ಚಿತ್ರ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಧಿವೇಶನದಲ್ಲಿ ಪಾಕಿಸ್ತಾನದ ಕಾಯಂ ಪ್ರತಿನಿಧಿ, ಕಾಶ್ಮೀರದ ಸಂತ್ರಸ್ತೆ ಎಂದು ಗಾಯಾಳು ಬಾಲಕಿಯೊಬ್ಬಳ ಚಿತ್ರವನ್ನು ಎತ್ತಿ ತೋರಿಸಿದರು. ಅದು 2014ರಲ್ಲಿ ಗಾಜಾದಲ್ಲಿ ತೆಗೆದ ಚಿತ್ರವೆಂಬುದು ಬಹುಬೇಗ ಬಯಲಾಯಿತು.

ಎರಡೂ ಚಿತ್ರಗಳು ಅಸಲಿಯೇ. ಅವುಗಳನ್ನು ಯಾರೂ ತಿದ್ದಿರಲಿಲ್ಲ. ಸುಳ್ಳಾಗಿದ್ದದ್ದು ಸ್ಥಳ ಮಾತ್ರ. ಏನು ನಡೆಯಿತೆಂಬುದಕ್ಕೆ ಛಾಯಾಚಿತ್ರವನ್ನು ಸಾಕ್ಷಿಯಾಗಿ ಸ್ವೀಕರಿಸುವ ನಾವು, ಎಲ್ಲಿ ನಡೆಯಿತೆಂಬುದಕ್ಕೆ ಅದರ ಅಡಿಬರಹವನ್ನಷ್ಟೇ ನಂಬಿರುತ್ತೇವೆ.

ಈ ಮಾತು ನನಗೆ ಮನದಟ್ಟಾದದ್ದು ಸರ್ಕಾರಿ ಸೇವೆಯಲ್ಲಿದ್ದಾಗ. ಕಾಮಗಾರಿ ಮುಗಿದ ಬಗ್ಗೆ ಬಿಲ್ಲಿನೊಂದಿಗೆ ಛಾಯಾಚಿತ್ರ ಲಗತ್ತಿಸಬೇಕೆಂಬುದು ಆಗಿನ ನಿಯಮ. ಒಮ್ಮೆ ಎರಡು ಹಳ್ಳಿಗಳ ಎರಡು ಚೆಕ್‌ ಡ್ಯಾಂಗಳ ಕಡತಗಳು ಒಟ್ಟಿಗೇ ನನ್ನ ಮೇಜಿಗೆ ಬಂದವು. ಅಳತೆ, ಸಹಿ, ಮೊಹರು ಎಲ್ಲವೂ ಕ್ರಮಬದ್ಧ. ಕಡತ ಒಯ್ಯಲು ಬಂದ ದಫೇದಾರರು ಚಿತ್ರಗಳ ಮೇಲೆ ಕಣ್ಣಾಡಿಸಿ, ಸಂಕೋಚದಿಂದಲೇ, ‘ಸಾರ್, ಎರಡರಲ್ಲೂ ಹಿಂದೆ ಕಾಣೋದು ನಮ್ಮೂರ ಗುಡ್ಡವೇ’ ಎಂದರು. ಒಂದೇ ಕಟ್ಟೆಯನ್ನು ಎರಡು ಬದಿಯಿಂದ ತೆಗೆಯಲಾಗಿತ್ತು. ನಾಲ್ಕು ಮೇಜು ದಾಟಿ ಬಂದಿದ್ದ ಸುಳ್ಳು ಆ ಊರಿನವರೊಬ್ಬರ ಕಣ್ಣನ್ನು ದಾಟಲಾರದೆ ಹೋಯಿತು.

ಚಿತ್ರ ನೋಡಿ ಊರು ಹೇಳುವುದು ಈಗ ಜಗತ್ತಿನಾದ್ಯಂತ ಜನಪ್ರಿಯ ಆಟವೂ ಹೌದು. ಸ್ವೀಡನ್ನಿನ ಆಂಟನ್ ವಾಲೆನ್ 2013ರಲ್ಲಿ ರೂಪಿಸಿದ ‘ಜಿಯೊಗೆಸ್ಸರ್’ನಲ್ಲಿ ಯಾವುದೋ ರಸ್ತೆಯ ನೋಟ ಪರದೆಯ ಮೇಲೆ ಮೂಡುತ್ತದೆ, ಅದು ಎಲ್ಲಿಯದೆಂದು ಆಟಗಾರ ಭೂಪಟದಲ್ಲಿ ಗುರುತಿಸಬೇಕು. ನುರಿತವರು ವಿದ್ಯುತ್ ಕಂಬದ ಆಕಾರ, ರಸ್ತೆಯ ಮೇಲಿನ ಗೆರೆಗಳ ಬಣ್ಣ, ಮಣ್ಣು, ಮರಗಿಡ, ವಾಹನಗಳು ಚಲಿಸುವ ಬದಿ ಇವನ್ನೆಲ್ಲ ಗಮನಿಸುತ್ತಾರೆ. ಅಂಗಡಿಯ ಫಲಕವೊಂದು ಕಂಡರಂತೂ ಕೆಲಸ ಅರ್ಧ ಮುಗಿದಂತೆ. ಕನ್ನಡ ಮತ್ತು ತೆಲುಗು ಲಿಪಿಗಳು ಹೊರಗಿನವರಿಗೆ ಒಂದೇ ಎನಿಸಬಹುದು. ನಮಗೆ ತಲೆಕಟ್ಟು ನೋಡಿದೊಡನೆ ವ್ಯತ್ಯಾಸ ತಿಳಿಯುತ್ತದೆ.

ಸೂರ್ಯನೂ ಸುಳಿವು ಕೊಡುತ್ತಾನೆ. ನಡುಹಗಲಿನಲ್ಲಿ ಯೂರೋಪಿನವರಿಗೆ ಆತ ದಕ್ಷಿಣಕ್ಕೆ ಕಂಡರೆ, ದಕ್ಷಿಣ ಆಸ್ಟ್ರೇಲಿಯಾದವರಿಗೆ ಉತ್ತರಕ್ಕೆ ಕಾಣುತ್ತಾನೆ. ಆದರೆ ಈ ಸೂತ್ರವನ್ನು ಕುರುಡಾಗಿ ನಂಬಿದರೆ ನಮ್ಮ ನಾಡಿನಲ್ಲಿಯೇ ಎಡವಬೇಕಾಗುತ್ತದೆ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯಭಾಗದವರೆಗೆ ನಡುಹಗಲ ಸೂರ್ಯ ಉತ್ತರಕ್ಕೇ ವಾಲಿರುತ್ತಾನೆ. ಆದ್ದರಿಂದ ಒಂದು ಸುಳಿವನ್ನು ಇನ್ನೊಂದರೊಡನೆ ತಾಳೆ ನೋಡದೆ ತೀರ್ಮಾನಕ್ಕೆ ಬರುವಂತಿಲ್ಲ.

ಇದೇ ವಿದ್ಯೆ ಇತಿಹಾಸವನ್ನು ತಿದ್ದಿದ ನಿದರ್ಶನವೂ ಇದೆ. ಸ್ಪೇನಿನ ಅಂತರ್ಯುದ್ಧದ ಕಾಲದಲ್ಲಿ, 1936ರಲ್ಲಿ, ರಾಬರ್ಟ್ ಕಾಪಾ ತೆಗೆದ ಗುಂಡು ತಗುಲಿ ಉರುಳುತ್ತಿರುವ ಯೋಧನ ಚಿತ್ರ ಜಗತ್ಪ್ರಸಿದ್ಧ. ಅದು ಕಾರ್ಡೊಬಾ ಬಳಿಯ ಸೆರ್ರೊ ಮುರಿಯಾನೊದ ಕದನದ್ದೆಂದು ದಶಕಗಳ ಕಾಲ ನಂಬಲಾಗಿತ್ತು. ಕಾಪಾ 1954ರಲ್ಲಿ ಇಂಡೊಚೀನಾದಲ್ಲಿ ನೆಲಬಾಂಬಿಗೆ ಬಲಿಯಾದರು. ಕೇಳೋಣವೆಂದರೆ ಅವರಿಲ್ಲ, ಚಿತ್ರದ ನೆಗೆಟಿವ್ ಕೂಡ ಸಿಕ್ಕಿಲ್ಲ. ಪ್ರಾಧ್ಯಾಪಕ ಹೊಸೆ ಮನುಯೆಲ್ ಸುಸ್ಪೆರ್ರೆಗಿ ಯೋಧನನ್ನು ಬಿಟ್ಟು, ಆ ಸರಣಿಯ ಚಿತ್ರಗಳ ಹಿನ್ನೆಲೆಯಲ್ಲಿದ್ದ ಬೆಟ್ಟಸಾಲನ್ನು ನೋಡಿದರು. ಸುತ್ತಲಿನ ಊರುಗಳ ಗ್ರಂಥಪಾಲಕರಿಗೂ ಇತಿಹಾಸಕಾರರಿಗೂ ಚಿತ್ರ ಕಳುಹಿಸಿ ವಿಚಾರಿಸಿದರು. ಎಸ್ಪೆಹೊ ಎಂಬ ಊರಿನ ಶಿಕ್ಷಕರೊಬ್ಬರು ಅದನ್ನು ತರಗತಿಯಲ್ಲಿ ತೋರಿಸಿದಾಗ ವಿದ್ಯಾರ್ಥಿಯೊಬ್ಬ ತಕ್ಷಣ ಸ್ಥಳವನ್ನು ಗುರುತಿಸಿದ. ಎಸ್ಪೆಹೊ ಇರುವುದು ಸೆರ್ರೊ ಮುರಿಯಾನೊದಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ. ಆ ಸೆಪ್ಟೆಂಬರ್ ಆರಂಭದಲ್ಲಿ ಅಲ್ಲಿ ಕದನವೇ ನಡೆದಿರಲಿಲ್ಲವೆಂದು ಸುಸ್ಪೆರ್ರೆಗಿ 2009ರಲ್ಲಿ ವಾದಿಸಿದರು. ಚಿತ್ರ ನಟನೆಯೋ ನಿಜವೋ ಎಂಬ ಚರ್ಚೆ ಮುಗಿದಿಲ್ಲ. ಆದರೆ ಚರ್ಚೆಯ ನೆಲ ಬದಲಾದದ್ದು ಊರಿನ ಹುಡುಗನೊಬ್ಬನ ಪರಿಚಯಜ್ಞಾನದಿಂದ.

ಇನ್ನೊಂದು ಪ್ರಕರಣದಲ್ಲಿ ಪಣಕ್ಕಿದ್ದದ್ದು ನ್ಯಾಯವೇ. 2018ರ ಜುಲೈನಲ್ಲಿ ಆಫ್ರಿಕಾದಿಂದ ವಿಡಿಯೊವೊಂದು ಹರಿದಾಡಿತು. ಸೈನಿಕರು ಇಬ್ಬರು ಮಹಿಳೆಯರನ್ನೂ ಇಬ್ಬರು ಮಕ್ಕಳನ್ನೂ ನಡೆಸಿಕೊಂಡು ಹೋಗಿ ಗುಂಡಿಕ್ಕಿ ಕೊಲ್ಲುವ ದೃಶ್ಯ ಅದು. ಇದು ನಮ್ಮ ದೇಶದ್ದಲ್ಲ, ಸುಳ್ಳು ಸುದ್ದಿ ಎಂದು ಕ್ಯಾಮರೂನ್ ಸರ್ಕಾರ ತಳ್ಳಿಹಾಕಿತು. ಬಿಬಿಸಿಯ ‘ಆಫ್ರಿಕಾ ಐ’ ತಂಡ ವಿಡಿಯೊದ ಆರಂಭದಲ್ಲಿ ಕಾಣುವ ಬೆಟ್ಟಸಾಲಿನ ರೇಖೆಯನ್ನು ಉಪಗ್ರಹ ಚಿತ್ರಗಳೊಂದಿಗೆ ಹೋಲಿಸಿತು. ಅಲ್ಲಿಯೂ ಹುಡುಕಾಟಕ್ಕೆ ದಿಕ್ಕು ತೋರಿದ್ದು ಕ್ಯಾಮರೂನಿನವರೇ ಒಬ್ಬರು ಕೊಟ್ಟ ಸುಳಿವು. ಸ್ಥಳ ಆ ದೇಶದ ಉತ್ತರದ ತುದಿಯಲ್ಲಿರುವ ಜೆಲೆವೆಟ್ ಬಳಿಯದೆಂದು ಖಚಿತವಾಯಿತು. ಕಟ್ಟಡಗಳು, ಬೇಸಿಗೆಯಲ್ಲಷ್ಟೇ ಮೂಡುವ ಕಾಲುದಾರಿ, ನೆರಳಿನ ಕೋನ ಇವುಗಳ ಆಧಾರದಿಂದ ಘಟನೆ ನಡೆದದ್ದು 2015ರ ಮಾರ್ಚ್ 20 ಮತ್ತು ಏಪ್ರಿಲ್ 5ರ ನಡುವೆ ಎಂದೂ ಗೊತ್ತಾಯಿತು. 2020ರ ಸೆಪ್ಟೆಂಬರ್‌ನಲ್ಲಿ ಸೇನಾ ನ್ಯಾಯಾಲಯ ನಾಲ್ವರು ಸೈನಿಕರಿಗೆ ತಲಾ 10 ವರ್ಷಗಳ ಸೆರೆವಾಸ ವಿಧಿಸಿತು.

ಇಷ್ಟೆಲ್ಲ ಶ್ರಮವೇಕೆ, ಮೊಬೈಲ್ ಫೋನೇ ಅಕ್ಷಾಂಶ ರೇಖಾಂಶಗಳನ್ನು ದಾಖಲಿಸುತ್ತದೆಯಲ್ಲ ಎಂದು ಕೇಳಬಹುದು. ಉದ್ಯೋಗ ಖಾತರಿ ಯೋಜನೆಯಲ್ಲಿ ಇದೇ ಭರವಸೆಯಿಂದ 2021ರಲ್ಲಿ ಕೂಲಿಕಾರರ ಹಾಜರಾತಿಗೆ ಸ್ಥಳ ಸಮಯ ಸಹಿತ ಚಿತ್ರ ತೆಗೆಯುವ ಆ್ಯಪ್ ಜಾರಿಗೆ ಬಂತು. 2023ರ ಜನವರಿಯಿಂದ ಅದು ಕಡ್ಡಾಯವಾಯಿತು. 2025ರ ಜುಲೈನಲ್ಲಿ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಹೊರಡಿಸಿದ ಸುತ್ತೋಲೆಯಲ್ಲಿ ಅದರ ದುರ್ಬಳಕೆಯ ಬಗೆಗಳ ಪಟ್ಟಿಯಿತ್ತು: ಸಂಬಂಧವಿಲ್ಲದ ಚಿತ್ರಗಳನ್ನು ಸೇರಿಸುವುದು, ಜನರ ಬದಲು ಹಳೆಯ ಚಿತ್ರದ್ದೇ ಚಿತ್ರ ತೆಗೆಯುವುದು ಇತ್ಯಾದಿ. ಫೋನ್ ತಾನೆಲ್ಲಿದ್ದೇನೆಂದು ಸತ್ಯವನ್ನೇ ಹೇಳುತ್ತದೆ. ತನ್ನ ಮುಂದಿರುವುದು ಮನುಷ್ಯನೋ ಮನುಷ್ಯನ ಚಿತ್ರವೋ ಎಂಬುದು ಅದಕ್ಕೆ ತಿಳಿಯದು. ಇದರಿಂದ ನಷ್ಟವಾಗುವುದು ಬೊಕ್ಕಸಕ್ಕೆ ಮಾತ್ರವಲ್ಲ, ನಿಜವಾಗಿ ಬೆವರು ಸುರಿಸಿದವರ ಕೂಲಿಗೂ ಅನುಮಾನದ ನೆರಳು ತಾಗುತ್ತದೆ. ಚಿತ್ರ ನೋಡಿ ಊರು ಊಹಿಸುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳೂ ಈಗ ಬಂದಿವೆ. ಅವು ನೆರವಾಗಬಲ್ಲವು, ಆದರೆ ಊಹೆ ಎಷ್ಟೇ ಚುರುಕಾಗಿದ್ದರೂ ಸಾಕ್ಷ್ಯವಾಗದು.

ಆಡಳಿತದಲ್ಲಿರುವವರಿಗೆ ನನ್ನ ಸಲಹೆ ಎರಡೇ. ಸರ್ಕಾರಿ ವರದಿಗಳಲ್ಲಿ ಅಚ್ಚಾಗುವ ಪ್ರತಿ ಚಿತ್ರದ ಕೆಳಗೂ ಸ್ಥಳ, ದಿನಾಂಕ, ತೆಗೆದವರ ಹೆಸರು ಇರಲಿ. ಕಾಮಗಾರಿಗಳ ಚಿತ್ರಗಳು ಕಡತದಲ್ಲೋ ಗಣಕಯಂತ್ರದಲ್ಲೋ ಉಳಿಯದೆ, ಹಣ ಪಾವತಿಗೆ ಮುನ್ನ ಗ್ರಾಮಸಭೆಯ ಎದುರಿಗೆ ಬರಲಿ. ಅರ್ಥಶಾಸ್ತ್ರದ ದೃಷ್ಟಿಯಿಂದ ಇದಕ್ಕಿಂತ ಅಗ್ಗದ ತಪಾಸಣೆ ಇನ್ನೊಂದಿಲ್ಲ. ‘ಇದು ನಿಮ್ಮೂರೇ ಹೌದೇ?’ ಎಂದು ಕೇಳಿದರೆ ಸಾಕು. ಗುಡ್ಡ, ಮರ, ಕಟ್ಟೆ ಬಲ್ಲವರು ಅಲ್ಲಿ ಕುಳಿತಿರುತ್ತಾರೆ. ಅಂದು ನನ್ನ ಕಚೇರಿಯಲ್ಲಿ ಆ ಪ್ರಶ್ನೆ ಕೇಳುವುದು ನನಗೆ ಹೊಳೆದಿರಲಿಲ್ಲ. ಉತ್ತರ ಬಲ್ಲವರು ಬಾಗಿಲ ಬಳಿಯೇ ನಿಂತಿದ್ದರು.