ಆನ್‌ಲೈನ್ ಪುಸ್ತಕವನ್ನು ಪ್ರಬಂಧದಲ್ಲಿ ನಮೂದಿಸುವುದು ಹೇಗೆ?



ಆದವಾನಿ, ಆಲೂರು, ಎಮ್ಮಿಗನೂರು ಕಡೆಯ ನಮ್ಮ ಮಕ್ಕಳು ಎಂ.ಎ., ಪಿಎಚ್.ಡಿ. ಪ್ರಬಂಧಗಳಿಗೆ ಈ ಸೀಮೆಯ ಇತಿಹಾಸವನ್ನೇ ಆರಿಸಿಕೊಂಡರೆ ನಮಗೆಲ್ಲ ಸಂತೋಷ. ಅದಕ್ಕೆ ಬೇಕಾದ ಹಳೆಯ ಪುಸ್ತಕಗಳು ಊರಿನಲ್ಲಿ ಸಿಗುವುದು ಕಷ್ಟ. ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಓದುವುದೇನೋ ಓದುತ್ತಾರೆ, ಆಧಾರ ಕೊಡುವಾಗ ಮಾತ್ರ ಬರೀ ಲಿಂಕ್ ಅಂಟಿಸಿ ಕೈತೊಳೆದುಕೊಳ್ಳುತ್ತಾರೆ. ಲಿಂಕ್ ಎಂದರೆ ಪುಸ್ತಕ ಇಟ್ಟಿರುವ ಕಪಾಟಿನ ಗುರುತು ಅಷ್ಟೆ. ಲೇಖಕ, ವರ್ಷ, ಶೀರ್ಷಿಕೆ, ಪ್ರಕಾಶಕ, ಪುಟ ಇಷ್ಟು ಮೊದಲು ಬರಬೇಕು, ಲಿಂಕ್ ಕೊನೆಗೆ.

ಹೆಚ್ಚಾಗಿ ಎಡವುವುದು ವರ್ಷದಲ್ಲಿ. ಡಬ್ಲ್ಯೂ. ಫ್ರಾನ್ಸಿಸ್ ಬರೆದ ಬಳ್ಳಾರಿ ಜಿಲ್ಲಾ ಗೆಜೆಟಿಯರ್ ಮದ್ರಾಸಿನ ಸರ್ಕಾರಿ ಮುದ್ರಣಾಲಯದಿಂದ ಹೊರಬಂದದ್ದು 1904ರಲ್ಲಿ. ಆರ್ಕೈವ್‌ಗೆ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಿಂದ ಬಂದ ಪುಸ್ತಕಗಳ ಲಿಂಕ್‌ನಲ್ಲಿ '2015' ಎಂಬ ಅಂಕಿ ಕಾಣುತ್ತದೆ. ಅದು ಕಡತದ ಗುರುತು, ಪ್ರಕಟಣೆಯ ವರ್ಷವಲ್ಲ. ಅದನ್ನು ನಂಬಿ 'ಫ್ರಾನ್ಸಿಸ್, 2015' ಎಂದು ಬರೆದರೆ ಆದವಾನಿ 2015ರಲ್ಲೂ ಬಳ್ಳಾರಿ ಜಿಲ್ಲೆಯ ತಾಲೂಕು ಎಂದಂತಾಯಿತು! ಆದವಾನಿ, ಆಲೂರು, ರಾಯದುರ್ಗ ಬಳ್ಳಾರಿಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಇಲ್ಲಿ ಕನ್ನಡ ಎಷ್ಟು ಹಳೆಯದು ಎಂದು ನಾವು ಬರೆದಾಗ, ಒಪ್ಪದವರು ಮೊದಲು ತೆರೆದು ನೋಡುವುದು ಅಡಿಟಿಪ್ಪಣಿಯನ್ನೇ. ಅಲ್ಲಿ ವರ್ಷ ತಪ್ಪಿದ್ದರೆ ಉಳಿದದ್ದನ್ನು ಅವರು ಓದುವುದಿಲ್ಲ. ಆದ್ದರಿಂದ ವರ್ಷವನ್ನು ಸ್ಕ್ಯಾನ್ ಆಗಿರುವ ಶೀರ್ಷಿಕೆ ಪುಟದಿಂದಲೇ ಬರೆದುಕೊಳ್ಳಿ.

ಪುಟಸಂಖ್ಯೆಯೂ ಹಾಗೆಯೇ. ಪರದೆಯ ಮೇಲೆ ಪಿಡಿಎಫ್ ತೋರಿಸುವ ಸಂಖ್ಯೆ ಬೇರೆ, ಕಾಗದದ ಮೇಲೆ ಅಚ್ಚಾಗಿರುವುದು ಬೇರೆ. ಮುನ್ನುಡಿ, ಪರಿವಿಡಿಗಳು ಸೇರಿ ಹತ್ತಿಪ್ಪತ್ತು ಪುಟ ವ್ಯತ್ಯಾಸ ಬರಬಹುದು. ಅಚ್ಚಾದದ್ದನ್ನೇ ಬರೆಯಿರಿ. ಪುಟಸಂಖ್ಯೆಯೇ ಇಲ್ಲದ ಪಠ್ಯರೂಪದ ಪ್ರತಿಯಾದರೆ ಅಧ್ಯಾಯ ಹೇಳಿ. ರಾಬರ್ಟ್ ಸೀವೆಲ್‌ರ 'ಎ ಫರ್ಗಾಟನ್ ಎಂಪೈರ್' 1900ರದು. ಅದಕ್ಕೆ ಮರುಮುದ್ರಣಗಳಿವೆ, ನೀವು ಓದಿದ್ದು ಯಾವುದೋ ಅದರ ವರ್ಷ ಕೊಟ್ಟು ಮೂಲ ವರ್ಷವನ್ನೂ ಸೇರಿಸಿ.

ಶಾಸನಗಳಿಗೆ ಪುಟಕ್ಕಿಂತ ಕ್ರಮಸಂಖ್ಯೆ ಮುಖ್ಯ. ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳಿರುವ 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' ಸಂಪುಟ 9, ಭಾಗ 1 (1939) ನೋಡಿದವರು ಸಂಪಾದಕರಾದ ಆರ್. ಶಾಮಾಶಾಸ್ತ್ರಿ, ಎನ್. ಲಕ್ಷ್ಮೀನಾರಾಯಣ ರಾವ್ ಅವರ ಹೆಸರು, ಸಂಪುಟ, ಭಾಗ, ಶಾಸನದ ಸಂಖ್ಯೆ ಎಲ್ಲವನ್ನೂ ಕೊಡಬೇಕು. ಆಗ ಅಚ್ಚಿನ ಪ್ರತಿ ಇರುವವರೂ ಹುಡುಕಿಕೊಳ್ಳುತ್ತಾರೆ.

ಎಪಿಎ, ಎಂಎಲ್‌ಎ ಪದ್ಧತಿಗಳಲ್ಲಿ ಬಿಂದು, ಆವರಣಗಳ ಜಾಗ ಬೇರೆಬೇರೆ. ನಿಮ್ಮ ವಿಭಾಗ ಹೇಳಿದ್ದನ್ನು ಅನುಸರಿಸಿದರೆ ಆಯಿತು. ಎಪಿಎ ರೀತಿಯಲ್ಲಾದರೆ ಹೀಗೆ: ಫ್ರಾನ್ಸಿಸ್, ಡಬ್ಲ್ಯೂ. (1904). ಮದ್ರಾಸ್ ಡಿಸ್ಟ್ರಿಕ್ಟ್ ಗೆಜೆಟಿಯರ್ಸ್: ಬಳ್ಳಾರಿ. ಸರ್ಕಾರಿ ಮುದ್ರಣಾಲಯ, ಮದ್ರಾಸ್. ಇಂಟರ್ನೆಟ್ ಆರ್ಕೈವ್. ಆಮೇಲೆ ಲಿಂಕ್. ಪುಟಸಂಖ್ಯೆ ಪ್ರಬಂಧದ ಒಳಗೆ, ಆ ಮಾತಿನ ಪಕ್ಕದಲ್ಲೇ.

ಲಿಂಕ್ ತೆಗೆದುಕೊಳ್ಳುವಾಗ ಪುಸ್ತಕದ ಮುಖ್ಯ ಪುಟದ್ದನ್ನು ತೆಗೆದುಕೊಳ್ಳಿ, ಡೌನ್‌ಲೋಡ್ ಗುಂಡಿಯದ್ದನ್ನಲ್ಲ. ಪುಸ್ತಕದ ಹೆಸರು ಆ ಪುಟದಲ್ಲಿ ತಪ್ಪಾಗಿ ಟೈಪಾಗಿರುವುದುಂಟು. ಹೆಸರನ್ನೂ ಶೀರ್ಷಿಕೆ ಪುಟ ನೋಡಿಯೇ ಬರೆಯಿರಿ.

– ಕಾರ್ಯದರ್ಶಿ