ಹಿಮದ ದಾರಿಯಲ್ಲಿ ಬ್ರೇಕ್ ನಂಬಬೇಡಿ

ಡಿಸೆಂಬರ್ ಬಂತೆಂದರೆ ನಮ್ಮ ಸಂಘ ಸಂಸ್ಥೆಗಳ ಸದಸ್ಯರಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಮುಂಚೆ ಧರ್ಮಸ್ಥಳ, ಕೊಲ್ಲೂರು, ಶಿರ್ಡಿ ಎನ್ನುತ್ತಿದ್ದವರು ಈಗ ಮನಾಲಿ, ಶಿಮ್ಲಾ ಎನ್ನುತ್ತಾರೆ. ದಿಲ್ಲಿಯಲ್ಲಿ ನೆಂಟರಿದ್ದರೆ ಅವರ ಕಾರಿನಲ್ಲೇ ಹೊರಟುಬಿಡುವುದು ಸಾಮಾನ್ಯವಾಗಿದೆ. ಹೋಗಿ ಬನ್ನಿ, ಬೇಡವೆನ್ನುವುದಿಲ್ಲ. ಆದರೆ ಹೊರಡುವ ಮುಂಚೆ ನನ್ನ ಅನುಭವವನ್ನೊಮ್ಮೆ ಓದಿ ಎಂದು ವಿನಂತಿ.

2023ರ ಜನವರಿಯಲ್ಲಿ ನಾನು, ನನ್ನ ಹೆಂಡತಿ, ದಿಲ್ಲಿಯಲ್ಲಿರುವ ಅಕ್ಕ ಮತ್ತು ಭಾವ ಮನಾಲಿಗೆ ಹೋಗಿದ್ದೆವು. ಭಾವನವರು ಮೂವತ್ತು ವರ್ಷ ದಿಲ್ಲಿಯಲ್ಲಿ ಕಾರು ಓಡಿಸಿದವರು, ಒಂದು ಗೀರು ಕೂಡ ಬಿದ್ದದ್ದಿಲ್ಲ. ಬೆಳಗ್ಗೆ ಬಿಸಿಲಿತ್ತು, ರಸ್ತೆ ತೆರವಾಗಿತ್ತು. ಸೋಲಂಗ್ ದಾಟಿ ಅಟಲ್ ಸುರಂಗದ ಮೂಲಕ ಲಾಹೌಲ್ ಕಡೆಯ ಸಿಸ್ಸುವಿಗೆ ಹೋದೆವು. 2020ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಈ ಸುರಂಗ 9.02 ಕಿ.ಮೀ. ಉದ್ದವಿದೆ, ಸಮುದ್ರಮಟ್ಟದಿಂದ ಸುಮಾರು 10,000 ಅಡಿ ಎತ್ತರದಲ್ಲಿದೆ. ಮುಂಚೆ ರೋಹ್ತಾಂಗ್ ಕಣಿವೆದಾರಿ ಹಿಮದಿಂದ ಮುಚ್ಚಿದರೆ ಲಾಹೌಲ್ ಜನರಿಗೆ ಚಳಿಗಾಲವಿಡೀ ಹೊರ ಸಂಪರ್ಕವೇ ಇರುತ್ತಿರಲಿಲ್ಲ. ಈಗ ನಮ್ಮಂಥವರೂ ಜನವರಿಯಲ್ಲಿ ಅಲ್ಲಿ ಚಹಾ ಕುಡಿದು ಬರಬಹುದು.

ಆ ಚಹಾವೇ ನಮಗೆ ಮುಳುವಾಯಿತು. ಎರಡು ಗಂಟೆಗೆ ಹೊರಡೋಣ ಎಂದು ಭಾವ ಹೇಳಿದ್ದರು. ಇನ್ನೊಂದು ಫೋಟೋ, ಇನ್ನೊಂದು ಚಹಾ ಎಂದು ತಡ ಮಾಡಿದವನು ನಾನೇ. ಸುರಂಗದಿಂದ ಈಚೆ ಬರುವಾಗ ನಾಲ್ಕೂವರೆ ಆಗಿತ್ತು. ಧುಂಡಿಯಿಂದ ಸೋಲಂಗ್ ಕಡೆಗೆ ಇಳಿಜಾರು. ರಸ್ತೆ ಬರೀ ಒದ್ದೆಯಾದಂತೆ ಕಪ್ಪಗೆ ಹೊಳೆಯುತ್ತಿತ್ತು. ತಿರುವಿನಲ್ಲಿ ಮುಂದಿನ ಗಾಡಿ ನಿಂತಿತು, ಭಾವ ಬ್ರೇಕ್ ಒತ್ತಿದರು. ಕಾರು ನಿಲ್ಲಲಿಲ್ಲ. ಸದ್ದೇ ಇಲ್ಲದೆ ಅಡ್ಡಡ್ಡವಾಗಿ ಜಾರತೊಡಗಿತು. ಒಂದು ಬದಿ ಬೆಟ್ಟ, ಇನ್ನೊಂದು ಬದಿ ಆಳದಲ್ಲಿ ಹೊಳೆ. ಹಿಂದಿನ ಸೀಟಿನಲ್ಲಿ ಅಕ್ಕ ದೇವರ ಹೆಸರು ಹೇಳುತ್ತಿದ್ದದ್ದು, ನನ್ನಾಕೆ ನನ್ನ ಹೆಗಲನ್ನು ಗಟ್ಟಿಯಾಗಿ ಹಿಡಿದದ್ದು ಈಗಲೂ ನೆನಪಿದೆ. ನಮ್ಮ ಪುಣ್ಯ, ಕಾರು ಬೆಟ್ಟದ ಬದಿಗೇ ಜಾರಿ, ಯಂತ್ರ ಸರಿಸಿಟ್ಟಿದ್ದ ಹಿಮದ ರಾಶಿಗೆ ಮೂತಿ ತಾಗಿಸಿ ನಿಂತಿತು. ಬಂಪರ್ ಒಡೆಯಿತು, ಯಾರಿಗೂ ಪೆಟ್ಟಾಗಲಿಲ್ಲ.

ಹಿಂದಿನ ಜೀಪಿನಿಂದ ಇಳಿದು ಬಂದ ಸ್ಥಳೀಯ ಚಾಲಕನೊಬ್ಬ ನಮ್ಮ ಮುಂದಿನ ಚಕ್ರಗಳಿಗೆ ಚೈನ್ ಹಾಕಿ, ತಾನೇ ಕಾರನ್ನು ಕೆಳಗೆ ತಂದುಕೊಟ್ಟ. "ಬಾಬೂಜೀ, ಈ ದಾರಿಯಲ್ಲಿ ಗಾಡಿಗೆ ಬ್ರೇಕೇ ಇಲ್ಲ ಎಂದುಕೊಂಡು ಓಡಿಸಬೇಕು" ಎಂದ. ಆ ಒಂದು ಮಾತಿನಲ್ಲಿ ಎಲ್ಲವೂ ಇದೆ.

ಕಾಣದ ಮಂಜುಗಡ್ಡೆ

ಬೆಳ್ಳಗೆ ಕಾಣುವ ಹಿಮಕ್ಕಿಂತ ಕಾಣದ ಮಂಜುಗಡ್ಡೆ ಹೆಚ್ಚು ಅಪಾಯಕಾರಿ. ಹಗಲು ಬಿಸಿಲಿಗೆ ಕರಗಿದ ನೀರು ರಸ್ತೆಯ ಮೇಲೆ ಹರಿಯುತ್ತದೆ. ಸಂಜೆ ಬಿಸಿಲು ಸರಿದೊಡನೆ ಅದೇ ನೀರು ಗಾಜಿನ ತೆಳು ಪದರದಂತೆ ಹೆಪ್ಪುಗಟ್ಟುತ್ತದೆ. ಅದರಡಿಯ ಡಾಂಬರು ಕಾಣುವುದರಿಂದ ರಸ್ತೆ ಒದ್ದೆಯಾಗಿದೆ ಎಂದಷ್ಟೇ ಅನ್ನಿಸುತ್ತದೆ. ನೆರಳಿನ ತಿರುವುಗಳಲ್ಲಿ ಮತ್ತು ಸೇತುವೆಗಳ ಮೇಲೆ ಇದು ಮೊದಲು ಕಟ್ಟುತ್ತದೆ. ಸೇತುವೆಗೆ ಮೇಲೂ ಕೆಳಗೂ ತಣ್ಣನೆಯ ಗಾಳಿ ತಾಗುವುದೇ ಇದಕ್ಕೆ ಕಾರಣ. ಆದ್ದರಿಂದ ಬೆಟ್ಟದ ದಾರಿಯಲ್ಲಿ ಬಿಸಿಲೇರಿದ ಮೇಲೆ ಹೊರಟು, ಬಿಸಿಲಿರುವಾಗಲೇ ಕೆಳಗಿಳಿಯಬೇಕು.

ಮಂಜುಗಡ್ಡೆಯ ಮೇಲೆ ಗಾಡಿ ನಿಲ್ಲಲು ಒಣ ರಸ್ತೆಗಿಂತ ಹತ್ತು ಪಟ್ಟು ದೂರ ಬೇಕಾಗಬಹುದು. ಬ್ಯಾಂಕಿನವನ ಭಾಷೆಯಲ್ಲಿ ಹೇಳುವುದಾದರೆ, ಅಲ್ಲಿ ವೇಗವಾಗಿ ಓಡಿಸುವುದೆಂದರೆ ಖಾತೆಯಲ್ಲಿ ಹಣವಿಲ್ಲದೆ ಚೆಕ್ ಬರೆದ ಹಾಗೆ.

ಓಡಿಸುವ ಕ್ರಮ

ಚಾರ್ಮಾಡಿ, ಆಗುಂಬೆ ಘಾಟಿ ಇಳಿದವರಿಗೆ ಒಂದು ಪಾಠ ಗೊತ್ತೇ ಇದೆ: ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಹಿಮದಲ್ಲೂ ಅದೇ ಪಾಠ. ಮೊದಲ ಅಥವಾ ಎರಡನೇ ಗೇರಿನಲ್ಲಿ ಇಂಜಿನ್ನಿನ ಹಿಡಿತದಲ್ಲೇ ಗಾಡಿ ನಿಧಾನವಾಗಿ ಇಳಿಯಲಿ. ಸ್ಟಿಯರಿಂಗ್, ಆಕ್ಸಿಲರೇಟರ್, ಬ್ರೇಕ್ ಮೂರನ್ನೂ ಮೆತ್ತಗೆ ಬಳಸಬೇಕು. ತಿರುವಿಗೆ ಮುಂಚೆಯೇ ವೇಗ ತಗ್ಗಿಸಬೇಕು, ತಿರುವಿನೊಳಗೆ ಬ್ರೇಕ್ ಒತ್ತಬಾರದು.

ಗಾಡಿ ಜಾರಿದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಎತ್ತ ಹೋಗಬೇಕೋ ಅತ್ತ ನೋಡುತ್ತಾ ಸ್ಟಿಯರಿಂಗನ್ನು ಹಿತವಾಗಿ ತಿರುಗಿಸಿ. ಎಬಿಎಸ್ ಇರುವ ಕಾರಿನಲ್ಲಿ ಬ್ರೇಕ್ ಹಾಕಲೇಬೇಕಾದರೆ ಪೆಡಲನ್ನು ಒತ್ತಿ ಬಿಟ್ಟು ಮಾಡಬೇಡಿ, ಒತ್ತಿಯೇ ಹಿಡಿಯಿರಿ. ಕಾಲಿಗೆ ನಡುಕ ಬರುತ್ತದೆ, ಹೆದರಬೇಕಿಲ್ಲ. ಆದರೆ ಎಬಿಎಸ್ ಇದೆಯೆಂದು ಮಂಜುಗಡ್ಡೆಯ ಮೇಲೆ ಗಾಡಿ ಬೇಗ ನಿಲ್ಲುತ್ತದೆಂದು ತಿಳಿಯುವುದು ತಪ್ಪು.

ಚೈನನ್ನು ಇಂಜಿನ್ ತಿರುಗಿಸುವ ಚಕ್ರಗಳಿಗೇ ಹಾಕಬೇಕು. ನಮ್ಮ ಹೆಚ್ಚಿನ ಸಣ್ಣ ಕಾರುಗಳಲ್ಲಿ ಅದು ಮುಂದಿನ ಚಕ್ರ. ಒಣ ರಸ್ತೆ ಸಿಕ್ಕೊಡನೆ ಬಿಚ್ಚಿಡಬೇಕು. ಹಿಮ ಬಿದ್ದ ದಿನ ಪೊಲೀಸರು ನಾಲ್ಕೂ ಚಕ್ರಕ್ಕೆ ಇಂಜಿನ್ ಶಕ್ತಿ ಹರಿಯುವ ಗಾಡಿಗಳನ್ನಷ್ಟೇ ಮುಂದೆ ಬಿಡುವುದುಂಟು. ಅವರೊಂದಿಗೆ ವಾದಿಸದೆ ಸ್ಥಳೀಯ ಜೀಪ್ ಬಾಡಿಗೆಗೆ ಹಿಡಿಯುವುದು ಒಳ್ಳೆಯದು.

ಸಿಕ್ಕಿಬಿದ್ದರೆ

2024ರ ಡಿಸೆಂಬರ್‌ನಲ್ಲಿ ಸೋಲಂಗ್ ಮತ್ತು ಅಟಲ್ ಸುರಂಗದ ನಡುವೆ ನೂರಾರು ವಾಹನಗಳು ಹಿಮದಲ್ಲಿ ಸಿಕ್ಕಿಬಿದ್ದು, ಪೊಲೀಸರು ಸಾವಿರಾರು ಪ್ರವಾಸಿಗರನ್ನು ಕೆಳಗೆ ಕರೆತರಬೇಕಾಯಿತು. ಅದಕ್ಕೂ ಮುಂಚೆ, 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರಿ ಗಿರಿಧಾಮದ ದಾರಿಯಲ್ಲಿ ಸಿಕ್ಕಿಬಿದ್ದ ಕಾರುಗಳೊಳಗೆ ಮಕ್ಕಳೂ ಸೇರಿ 20ಕ್ಕೂ ಹೆಚ್ಚು ಮಂದಿ ಪ್ರಾಣ ಬಿಟ್ಟರು. ಹಿಮ ಸೈಲೆನ್ಸರ್ ಕೊಳವೆಯನ್ನು ಮುಚ್ಚಿದಾಗ ಇಂಜಿನ್ ಚಾಲೂ ಇದ್ದರೆ ಕಾರ್ಬನ್ ಮೊನಾಕ್ಸೈಡ್ ವಿಷಾನಿಲ ಒಳಗೆ ಸೇರುತ್ತದೆ. ಅದಕ್ಕೆ ವಾಸನೆಯಿಲ್ಲ, ನಿದ್ದೆ ಬಂದಂತೆ ಜೀವ ಹೋಗುತ್ತದೆ. ಹಾಗಾಗಿ ಕೊಳವೆಯ ಸುತ್ತಲಿನ ಹಿಮವನ್ನು ಆಗಾಗ ತೆಗೆಯಿರಿ, ಕಿಟಕಿಯನ್ನು ತುಸು ತೆರೆದಿಡಿ, ಹೀಟರ್‌ಗಾಗಿ ಇಂಜಿನ್ನನ್ನು ಸ್ವಲ್ಪ ಹೊತ್ತು ಮಾತ್ರ ನಡೆಸಿ. ಕಂಬಳಿ, ನೀರು, ತಿಂಡಿ, ಟಾರ್ಚ್, ಔಷಧಿ ಕಾರಿನಲ್ಲಿರಲಿ. ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿಯದಿರಲಿ.

ರಾತ್ರಿ ಗಾಡಿ ನಿಲ್ಲಿಸುವಾಗ ಸಮತಟ್ಟಾದ ಜಾಗದಲ್ಲಿ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಹೆಪ್ಪುಗಟ್ಟಿ ಕಚ್ಚಿಕೊಳ್ಳಬಹುದು. ಬೆಳಗ್ಗೆ ಗಾಜಿಗೆ ಬಿಸಿನೀರು ಸುರಿಯಬೇಡಿ, ಒಡೆದೀತು. ರೇಡಿಯೇಟರಿನಲ್ಲಿ ಬರೀ ನೀರಿರದೆ ಕೂಲಂಟ್ ಇರಲಿ.

ಬಯಲಿನ ಮಂಜು

ಬೆಟ್ಟ ಇಳಿದೊಡನೆ ಅಪಾಯ ಮುಗಿಯಿತೆನ್ನುವಂತಿಲ್ಲ. ಹರಿಯಾಣ, ದಿಲ್ಲಿ, ಆಗ್ರಾ ದಾರಿಗಳಲ್ಲಿ ಚಳಿಗಾಲದ ದಟ್ಟ ಮಂಜಿಗೆ ಪ್ರತಿವರ್ಷ ಜನ ಸಾಯುತ್ತಾರೆ. 165 ಕಿ.ಮೀ. ಉದ್ದದ ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ಒಂದರ ಹಿಂದೊಂದು ಗಾಡಿ ಗುದ್ದಿದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೇ ಹೊಡೆದು ಕಣ್ಣಿಗೆ ವಾಪಸು ಬರುತ್ತದೆ. ಲೋ ಬೀಮ್ ಇರಲಿ. ಓಡುತ್ತಿರುವಾಗ ನಾಲ್ಕೂ ಇಂಡಿಕೇಟರ್ ಮಿನುಗಿಸಬೇಡಿ, ನೀವು ನಿಂತಿದ್ದೀರೋ ತಿರುಗುತ್ತೀರೋ ಹಿಂದಿನವರಿಗೆ ತಿಳಿಯುವುದಿಲ್ಲ. ಎಡ ಅಂಚಿನ ಬಿಳಿ ಗೆರೆ ನೋಡುತ್ತಾ ಸಾಗಿ. ನಿಲ್ಲಿಸಲೇಬೇಕಾದರೆ ರಸ್ತೆಯ ಮೇಲೆ ಬೇಡ, ಢಾಬಾ ಅಥವಾ ಪೆಟ್ರೋಲ್ ಪಂಪ್ ಒಳಗೆ ನಿಲ್ಲಿಸಿ.

ಅಂದು ರಾತ್ರಿ ಹೋಟೆಲಿನಲ್ಲಿ "ನನ್ನಿಂದ ತಪ್ಪಾಯಿತು ಭಾವಾ" ಎಂದೆ. "ಓಡಿಸುವವನು ನಾನು, ಏಳು ಎಂದು ಗಟ್ಟಿಯಾಗಿ ಹೇಳಬೇಕಿತ್ತು" ಎಂದರು ಅವರು. ನನ್ನ ಪ್ರಕಾರ ತಪ್ಪು ಇಬ್ಬರದೂ ಹೌದು. ಆದ್ದರಿಂದ ಸದಸ್ಯ ಬಾಂಧವರಲ್ಲಿ ಒಂದೇ ಕೋರಿಕೆ. ಓಡಿಸುವವರು ಹೊರಡೋಣ ಎಂದರೆ ಚಹಾ ಅರ್ಧಕ್ಕೇ ಬಿಟ್ಟು ಎದ್ದುಬಿಡಿ.