ಯಾರ್ಕಿನ ಗಾಜಿನ ಕಾರ್ಯಶಾಲೆ

ಇಂಗ್ಲೆಂಡಿನ ಉತ್ತರಭಾಗದ ಯಾರ್ಕ್ ನಗರಕ್ಕೆ ಬರುವ ಪ್ರವಾಸಿಗಳು ಅಲ್ಲಿಯ ಮಹಾದೇವಾಲಯವಾದ ಮಿನ್‌ಸ್ಟರನ್ನು ಹೊಕ್ಕು, ಅದರ 128 ಕಿಟಕಿಗಳಿಂದ ಇಳಿದುಬರುವ ಬೆಳಕಿನಲ್ಲಿ ತುಸು ಹೊತ್ತು ನಿಂತು, ಊರಿನ ಹಳೆಯ ಕೋಟೆಗೋಡೆಯ ಮೇಲೆ ನಡೆದಾಡಿ ಹೊರಟುಹೋಗುವುದು ವಾಡಿಕೆ. ಶತಶತಮಾನಗಳ ಗಾಳಿಮಳೆಗಳಿಗೆ ಒಡ್ಡಿಕೊಂಡ ಆ ಗಾಜನ್ನು ಇಂದಿಗೂ ಉಳಿಸಿಕೊಂಡು ಬಂದಿರುವ ಕೈಗಳು ಎಲ್ಲಿ ದುಡಿಯುತ್ತಿವೆಯೆಂದು ವಿಚಾರಿಸುವವರು ವಿರಳ. ದೇವಾಲಯದ ಮಗ್ಗುಲಲ್ಲಿಯೇ, ಡೀನ್‌ಗೇಟ್ ಎಂಬ ಬೀದಿಯಲ್ಲಿ, ಯಾರ್ಕ್ ಗ್ಲೇಜಿಯರ್ಸ್ ಟ್ರಸ್ಟ್ ಎಂಬ ಸಂಸ್ಥೆಯ ಕಾರ್ಯಶಾಲೆಯಿದೆ. ಯಾರ್ಕಿಗೆ ಹೋದವರು ಮಿನ್‌ಸ್ಟರನ್ನು ನೋಡಿದಷ್ಟೇ ಶ್ರದ್ಧೆಯಿಂದ ನೋಡಬೇಕಾದ ಸ್ಥಳವಿದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇನೆ. ಈಗಿನ ದೇವಾಲಯದ ನಿರ್ಮಾಣ ಹದಿಮೂರನೆಯ ಶತಮಾನದಲ್ಲಿ ಮೊದಲಾಗಿ 1472ರಲ್ಲಿ ಮುಗಿಯಿತು. ಅದರ ಪೂರ್ವದ ಮಹಾಗವಾಕ್ಷವನ್ನು ಕವೆಂಟ್ರಿಯ ಜಾನ್ ಥಾರ್ನ್‌ಟನ್ ಎಂಬ ಶಿಲ್ಪಿ 1405ರಿಂದ 1408ರವರೆಗೆ, ಮೂರೇ ವರ್ಷಗಳ ಕರಾರಿನಲ್ಲಿ, 56 ಪೌಂಡುಗಳ ಸಂಭಾವನೆಗೆ ರಚಿಸಿದನು. ಸೃಷ್ಟಿಯ ಆದಿ, ಲೋಕದ ಅಂತ್ಯ ಇವೆರಡರ ಬೈಬಲಿನ ಕಥೆಗಳೂ ಅದರಲ್ಲಿ ಅಡಕವಾಗಿವೆ. 1829ರಲ್ಲಿ ಒಬ್ಬ ಮತಿಭ್ರಾಂತನು ಇಟ್ಟ ಬೆಂಕಿ, ಇಪ್ಪತ್ತನೆಯ ಶತಮಾನದ ಮಹಾಯುದ್ಧಗಳು, 1984ರ ಜುಲೈ ತಿಂಗಳ ಅಗ್ನಿಪ್ರಮಾದ, ಇವೆಲ್ಲವನ್ನೂ ಈ ದೇವಾಲಯ ಕಂಡಿದೆ. ಯುದ್ಧಕಾಲದಲ್ಲಿ ಗಾಜನ್ನು ಕಳಚಿ ಸುರಕ್ಷಿತ ಸ್ಥಳಗಳಲ್ಲಿ ಇಟ್ಟಿದ್ದರು. ಟ್ರಸ್ಟು ಸ್ಥಾಪಿತವಾದುದು 1967ರಲ್ಲಿ.

ನಾನು ಹೋದ ದಿನ ಹೊರಗೆ ಜಿನುಗು ಮಳೆ. ಒಳಗೆ ಮಾತ್ರ ಅಡಿಯಿಂದ ದೀಪ ಬೆಳಗುವ ಮೇಜಿನ ಮೇಲೆ ಸಂತ ಕತ್‌ಬರ್ಟನ ಜೀವನಚರಿತ್ರೆಯ ಒಂದು ಫಲಕ ನೀಲಿಕೆಂಪುಗಳಲ್ಲಿ ಉಜ್ಜ್ವಲವಾಗಿ ಹೊಳೆಯುತ್ತಿತ್ತು. ಆ ಫಲಕ ಸೇರಿದ, ಸುಮಾರು 1440ರ ಕಾಲದ ಕಿಟಕಿಯನ್ನು 2021ರಲ್ಲಿ ಕಳಚಲಾರಂಭಿಸಿದರು. ಫಲಕದ ಮುಂದೆ ಕುಳಿತಿದ್ದ ಹಿರಿಯ ಕುಶಲಕರ್ಮಿ ಮಹಿಳೆಯೊಬ್ಬರು, ಕೈಯ ಕೆಲಸ ನಿಲ್ಲಿಸದೆ, ಬಂದವರಿಗೆ ತಮ್ಮ ವಿದ್ಯೆಯನ್ನು ವಿವರಿಸಿ ಹೇಳುವುದರಲ್ಲಿ ಅಪಾರವಾದ ಸಂತೋಷವನ್ನು ಕಾಣುವವರಾಗಿದ್ದರು. ನಾನು ಅಲ್ಲಿಂದ ತಂದ ತಿಳಿವಳಿಕೆಯ ಬಹುಭಾಗ ಅವರದೇ.

ಮಧ್ಯಯುಗದ ಗಾಜು ಮರದ ಬೂದಿಯನ್ನು ಮರಳಿನೊಡನೆ ಕರಗಿಸಿ ಮಾಡಿದ್ದು. ಬೂದಿಯ ಕ್ಷಾರವೇ ಅದರ ದೌರ್ಬಲ್ಯ. ತೇವ ತಗುಲಿದಂತೆಲ್ಲ ಕ್ಷಾರ ಹೊರಕ್ಕೆ ಒಸರಿ, ಮೈಯೆಲ್ಲ ಕುಳಿಬಿದ್ದು, ಮೇಲೆ ಬಿಳಿಯ ಹೊಪ್ಪಳೆ ಕಟ್ಟಿ, ಕಡೆಗೆ ಬೆಳಕೇ ಹಾಯದಂತಾಗುತ್ತದೆ. ಮುಖದ ರೇಖೆ, ಉಡುಪಿನ ನೆರಿಗೆ ಮೊದಲಾದುವನ್ನು ಬರೆದ ಕಪ್ಪುಕಂದು ವರ್ಣವೋ, ಲೋಹದ ಭಸ್ಮವನ್ನು ಗಾಜಿನ ಪುಡಿಯೊಡನೆ ಅರೆದು ಬಳಿದು ಕುಲುಮೆಯಲ್ಲಿ ಸುಟ್ಟು ಅಂಟಿಸಿದ್ದು. ಅದು ಸಡಿಲಗೊಂಡಿದ್ದರೆ ಅವಸರದಿಂದ ಒಮ್ಮೆ ಒರೆಸಿದರೂ ಆರು ಶತಮಾನಗಳ ಮುಖವೊಂದು ಅಳಿಸಿಹೋಗಬಹುದು. ಆದುದರಿಂದ ಸೂಕ್ಷ್ಮದರ್ಶಕದ ಅಡಿಯಲ್ಲಿ, ತೆಳುವಾದ ಅಲಗಿನಿಂದಲೂ ಹತ್ತಿಯ ಸಣ್ಣ ಉಂಡೆಗಳಿಂದಲೂ ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಕೊಳೆ ತೆಗೆಯುವರು. ಆ ಮಹಿಳೆ ಕೆಲಸ ಮಾಡುತ್ತಿದ್ದಷ್ಟು ಹೊತ್ತೂ ನಾನು ನೋಡುತ್ತ ನಿಂತಿದ್ದೆ. ಶುದ್ಧವಾದದ್ದು ಒಂದು ಹೆಬ್ಬೆರಳ ಉಗುರಿನಷ್ಟು ಸ್ಥಳ.

ಗಾಜಿನ ಚೂರುಗಳನ್ನು ಒಂದಕ್ಕೊಂದು ಹೊಂದಿಸುವುದು ಇಕ್ಕೆಲದಲ್ಲಿಯೂ ತೋಡುಳ್ಳ ಸೀಸದ ಪಟ್ಟಿ; ಪಟ್ಟಿಗಳು ಕೂಡುವೆಡೆಗಳಲ್ಲಿ ಬೆಸುಗೆ. ಸೀಸ ಮೃದುವಾದುದರಿಂದಲೇ ಬೇಕಾದಂತೆ ಬಾಗುತ್ತದೆ, ಮೃದುವಾದುದರಿಂದಲೇ ಕಾಲಾಂತರದಲ್ಲಿ ದಣಿದು ಬಿರಿಯುತ್ತದೆ. ಹಿಂದಿನವರು ಬಿರುಕು ಬಿಟ್ಟ ಗಾಜಿಗೆಲ್ಲ ಅಡ್ಡಲಾಗಿ ಹೊಸ ಸೀಸ ಕೊಟ್ಟು ಭದ್ರಪಡಿಸುತ್ತಿದ್ದರು. ಹರಿದ ಸೀರೆಗೆ ಹಾಕಿದ ತೇಪೆಗಳಂತೆ ಅವು ಚಿತ್ರವನ್ನೇ ಮುಚ್ಚಿಬಿಟ್ಟವು. ಈಗ ಆ ತೇಪೆಗಳನ್ನು ಬಿಡಿಸಿ, ಒಡೆದ ಅಂಚುಗಳನ್ನು ಪಾರದರ್ಶಕವಾದ ಅಂಟಿನಿಂದ ಕೂಡಿಸುತ್ತಾರೆ. ಆದರೆ ಹಿಂದಿನವರನ್ನು ಆಕೆ ನಿಂದಿಸಲಿಲ್ಲ. 1984ರಲ್ಲಿ ದಕ್ಷಿಣ ಪಾರ್ಶ್ವದ ಮಾಡು ಉರಿದು ಬಿದ್ದಾಗ ಅಲ್ಲಿಯ ಗುಲಾಬಿ ಗವಾಕ್ಷದ ಗಾಜು ಸುಮಾರು ನಲವತ್ತು ಸಾವಿರ ಬಿರುಕುಗಳಾಗಿ ಸೀಳಿದರೂ ಕೆಳಗೆ ಉದುರದೆ ನಿಂತದ್ದು, ಅದಕ್ಕೂ ಮುನ್ನವೇ ಗವಾಕ್ಷಕ್ಕೆ ಹೊಸ ಸೀಸ ಕೊಟ್ಟಿದ್ದುದರಿಂದ ಎಂದು ಹೇಳುವಾಗ ಅವರ ಕಣ್ಣುಗಳಲ್ಲಿ ಕೃತಜ್ಞತೆ ಕಾಣುತ್ತಿತ್ತು.

ಥಾರ್ನ್‌ಟನ್ನನ ಮಹಾಗವಾಕ್ಷದ 311 ಫಲಕಗಳ ಸಂರಕ್ಷಣೆ ಸುಮಾರು ಹತ್ತು ವರ್ಷ ನಡೆದು 2018ರಲ್ಲಿ ಮುಗಿಯಿತು. ಹೊರಗೋಡೆಯ ಕಡೆಗೆ ಸೂರ್ಯನ ನೇರಳಾತೀತ ಕಿರಣಗಳನ್ನು ತಡೆಯುವ ಹೊಸ ಗಾಜಿನ ಆವರಣವನ್ನು ಕೂರಿಸಿ, ಹಳೆಯ ಫಲಕಗಳನ್ನು ತುಸು ಒಳಕ್ಕೆ ಸರಿಸಿ ಅವುಗಳ ಎರಡು ಮೈಗಳಲ್ಲಿಯೂ ಒಣಗಾಳಿ ಆಡುವಂತೆ ಮಾಡಿದ್ದಾರೆ. ಮೂರು ವರ್ಷಗಳಲ್ಲಿ ಕಟ್ಟಿದ್ದನ್ನು ಉಳಿಸಲು ಅದರ ಮೂರರಷ್ಟಕ್ಕೂ ಮಿಕ್ಕ ಕಾಲ ಹಿಡಿಯಿತಲ್ಲವೆ ಎಂದದ್ದಕ್ಕೆ, ಥಾರ್ನ್‌ಟನ್ನನಿಗೆ ತನ್ನ ಕೆಲಸ ಹೇಗಿರಬೇಕೆಂಬುದು ಗೊತ್ತಿತ್ತು, ತಮಗೆ ಅವನ ಮನಸ್ಸನ್ನು ಒಂದೊಂದೇ ಚೂರಿನಿಂದ ಊಹಿಸಬೇಕಾಯಿತು ಎಂದು ಅವರು ಉತ್ತರವಿತ್ತರು.

ಅವರಿಗೆ ಒಂದು ಕೊರಗಿದೆ. ಕಳೆದುಹೋದ ಚೂರಿನ ಸ್ಥಾನದಲ್ಲಿ ಹೊಸದನ್ನು ರಚಿಸಿ ಕೂರಿಸಬೇಕಾದಾಗ, ಕಾರ್ಖಾನೆಯಲ್ಲಿ ಎರಕ ಹೊಯ್ದ ಸಮತಟ್ಟಾದ ಗಾಜು ಸಲ್ಲದು. ಬಾಯಿಂದ ಊದಿ, ಉರುಳೆ ಮಾಡಿ, ಸೀಳಿ, ಬಿಸಿಯಲ್ಲಿ ಹಾಳೆಯಾಗಿ ಹರಡಿದ ಗಾಜೇ ಬೇಕು, ಏಕೆಂದರೆ ಅದರೊಳಗಿನ ಗುಳ್ಳೆ, ಗೆರೆ, ದಪ್ಪದ ಏರುಪೇರುಗಳಲ್ಲಿ ಬೆಳಕು ನಡೆಯುವ ರೀತಿಯೇ ಬೇರೆ. ಅಂತಹ ಗಾಜನ್ನು ಊದುವ ಕಸುಬು ಬ್ರಿಟನ್ನಿನಲ್ಲಿ ಅಳಿದುಹೋಯಿತೆಂದು 2023ರಲ್ಲಿ ಅಲ್ಲಿಯ ಪಾರಂಪರಿಕ ಕರಕೌಶಲಗಳ ಸಂಸ್ಥೆ ತನ್ನ ಪಟ್ಟಿಯಲ್ಲಿ ದಾಖಲಿಸಿತು. ಇನ್ನು ಜರ್ಮನಿಯ ವಾಲ್ಡ್‌ಸಾಸೆನ್, ಫ್ರಾನ್ಸಿನ ಸೇಂಟ್ ಜೂಸ್ಟ್ ಮೊದಲಾದ ಕಡೆಗಳಿಂದ ತರಿಸಬೇಕು. ಇಷ್ಟೊಂದು ವರ್ಣಗಾಜನ್ನು ಪಿತ್ರಾರ್ಜಿತವಾಗಿ ಪಡೆದ ದೇಶ ಅದನ್ನು ಊದುವ ಒಂದು ಕುಲುಮೆಯನ್ನು ಉರಿಸಿಡಲಾರದೆ ಹೋದುದು ನನಗೂ ಬಹಳ ನೋವಿನ ಸಂಗತಿಯಾಗಿ ತೋರಿತು.

ಈ ನೋವು ಕನ್ನಡಿಗರಿಗೆ ಅನ್ಯವಲ್ಲ. 1897ರಲ್ಲಿ ಮರದ ಅರಮನೆ ಸುಟ್ಟ ಬಳಿಕ ಎದ್ದ ಮೈಸೂರು ಅರಮನೆಯ ಕಲ್ಯಾಣಮಂಟಪದಲ್ಲಿ ನವಿಲುಗಳು ನೆರೆದಿರುವ ವರ್ಣಗಾಜಿನ ಚಾವಣಿ ಗ್ಲಾಸ್ಗೋ ನಗರದಿಂದ ಬಂದುದು. ಮೈಸೂರಿನದೇ ಆದ ಸಂತ ಫಿಲೋಮಿನಾ ಇಗರ್ಜಿಯ ಕಿಟಕಿಗಳ ಗಾಜು ಫ್ರಾನ್ಸಿನದು. ನಮ್ಮಲ್ಲಿ ಈ ವಿದ್ಯೆಯನ್ನು ಬಲ್ಲವರು ಅತ್ಯಲ್ಪ. ಹಳೆಯ ಇಗರ್ಜಿ, ಶಾಲೆ, ಬಂಗಲೆಗಳ ಮೇಲ್ವಿಚಾರಕರಲ್ಲಿ ನನ್ನ ವಿನಂತಿಯಿಷ್ಟೆ: ಬಣ್ಣದ ಗಾಜೊಂದು ಒಡೆದರೆ ಚೂರುಗಳನ್ನು ಗುಡಿಸಿ ಎಸೆಯದಿರಿ, ಆ ಜಾಗಕ್ಕೆ ಬಣ್ಣದ ಕಾಗದ ಅಂಟಿಸದಿರಿ, ಆಮ್ಲದಿಂದ ತೊಳೆಯದಿರಿ, ಛಾಯಾಚಿತ್ರ ತೆಗೆಸಿ, ಯಾವ ಕಿಟಕಿಯ ಯಾವ ಮೂಲೆಯದೆಂದು ಬರೆದು, ಎಲ್ಲ ಚೂರುಗಳನ್ನೂ ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟು, ಬಲ್ಲವರು ದೊರೆಯುವವರೆಗೆ ಕಾಯಿರಿ.